ಎ.ಎಂ., ಪಿ.ಎಂ.: ಓದುವ ಬಗೆ, ಬರೆಯುವ ಬಗೆ



ಬಸ್ಸಿನ ಟಿಕೆಟ್ಟು, ಪಂಪ್‌ಸೆಟ್ಟಿನ ವಿದ್ಯುತ್ ಪಾಳಿಯ ಸೂಚನೆ, ಬ್ಯಾಂಕಿನ ಬಾಗಿಲಿಗೆ ತೂಗುಹಾಕಿದ ಫಲಕ, ಆಸ್ಪತ್ರೆಯ ಚೀಟಿ, ನಿಮ್ಮ ಜೇಬಿನಲ್ಲಿರುವ ಮೊಬೈಲು, ಇವುಗಳಲ್ಲಿ ಯಾವುದನ್ನು ನೋಡಿದರೂ ಗಂಟೆಯ ಅಂಕಿಯ ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಒಂದು ಕಡೆ ಎ.ಎಂ. ಎಂದಿರುತ್ತದೆ, ಇನ್ನೊಂದು ಕಡೆ ಪಿ.ಎಂ. ಎಂದಿರುತ್ತದೆ. ನಮ್ಮಲ್ಲಿ ಹಲವರು ಅಂಕಿಯನ್ನು ಓದಿ ಅಕ್ಷರವನ್ನು ಬಿಟ್ಟುಬಿಡುತ್ತಾರೆ. ಅಂಕಿಯಷ್ಟೇ ಮುಖ್ಯವೆಂದು ಅವರ ಎಣಿಕೆ. ಆದರೆ ದಿನಕ್ಕೆ 24 ಗಂಟೆ; ಗಡಿಯಾರದ ಮುಖದ ಮೇಲೆ ಇರುವುದು 12 ಮಾತ್ರ. ಆದ್ದರಿಂದ ಪ್ರತಿಯೊಂದು ಗಂಟೆಯೂ ದಿನಕ್ಕೆ ಎರಡು ಸಲ ಬರುತ್ತದೆ. ಯಾವ ಸಲದ್ದು ಎಂಬುದನ್ನು ಹೇಳುವುದು ಆ ಎರಡು ಅಕ್ಷರಗಳೇ.

ಇದು ಚಿಕ್ಕ ವಿಷಯವೆಂದು ನಾನೂ ತಿಳಿದಿದ್ದೆ. ಒಮ್ಮೆ ನಮ್ಮ ಮನೆಯ ಹಿರಿಯರೊಬ್ಬರನ್ನು ಕಣ್ಣಿನ ಚಿಕಿತ್ಸೆಗೆಂದು ದೂರದ ಊರಿಗೆ ಕರೆದುಕೊಂಡು ಹೋಗಬೇಕಾಗಿತ್ತು. ಟಿಕೆಟ್ಟಿನಲ್ಲಿ ದಿನಾಂಕ 15, ವೇಳೆ 12-15 ಎ.ಎಂ. ಎಂದಿತ್ತು. 15ನೆಯ ತಾರೀಖು ರಾತ್ರಿ ಊಟ ಮುಗಿಸಿ, ಹನ್ನೊಂದಕ್ಕೇ ಬಸ್ ನಿಲ್ದಾಣಕ್ಕೆ ಹೋಗಿ ಕುಳಿತೆವು. ಹನ್ನೆರಡೂವರೆಗೆ ಬಸ್ಸು ಬಂದಿತು. ನಮ್ಮ ಆಸನಗಳಲ್ಲಿ ಬೇರೆಯವರು ಮಲಗಿದ್ದರು. ಕಂಡಕ್ಟರು ಟಿಕೆಟ್ಟನ್ನು ದೀಪಕ್ಕೆ ಹಿಡಿದು ನೋಡಿ, "ಸ್ವಾಮೀ, ನಿಮ್ಮ ಬಸ್ಸು ನಿನ್ನೆ ರಾತ್ರಿಯೇ ಹೋಯಿತು" ಎಂದರು. ಹಣ ಹೋಯಿತು, ವೈದ್ಯರು ಕೊಟ್ಟಿದ್ದ ದಿನವೂ ಹೋಯಿತು. ಮತ್ತೆ ದಿನ ಸಿಕ್ಕುವವರೆಗೆ ಹಿರಿಯರು ಮಸುಕುಗಣ್ಣಿನಲ್ಲೇ ಕಾಯಬೇಕಾಯಿತು. ನಾನು ಅಕ್ಷರ ಬಲ್ಲವನೇ. ಆದರೂ ಈ ಎ.ಎಂ. ಏನು ಹೇಳುತ್ತಿದೆ ಎಂದು ನಿಂತು ಯೋಚಿಸಿರಲಿಲ್ಲ. ತಪ್ಪು ಎಲ್ಲಿ ಆಯಿತೆಂಬುದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಮೊದಲು ಅಕ್ಷರದ ಗುರುತು. ಇಂಗ್ಲಿಷ್ ಬಾರದವರೂ ಇದನ್ನು ಕಲಿಯಬಹುದು. ಎರಡನೆಯ ಅಕ್ಷರ ಎರಡರಲ್ಲಿಯೂ ಒಂದೇ ಆದ್ದರಿಂದ ಅದನ್ನು ನೋಡಬೇಕಾಗಿಲ್ಲ. ಮೊದಲನೆಯದನ್ನು ಮಾತ್ರ ನೋಡಿರಿ. ದೊಡ್ಡಕ್ಷರದ ಎ ಎಂದರೆ ಎರಡು ಗಳುಗಳನ್ನು ತುದಿ ಕೂಡಿಸಿ ನಿಲ್ಲಿಸಿ, ನಡುವೆ ಒಂದು ಅಡ್ಡಪಟ್ಟಿ ಕಟ್ಟಿದ ಹಾಗೆ. ದೊಡ್ಡಕ್ಷರದ ಪಿ ಎಂದರೆ ನೆಟ್ಟ ಗೂಟದ ಮೇಲ್ತುದಿಗೆ ಬಲಗಡೆ ಅರ್ಧ ಬಳೆ ಅಂಟಿಸಿದ ಹಾಗೆ. ಚಿಕ್ಕಕ್ಷರದಲ್ಲಿ ಬರೆದಾಗ ಪಿ ಅಕ್ಷರದ ಕಾಲು ಸಾಲಿನಿಂದ ಕೆಳಕ್ಕೆ ಇಳಿದಿರುತ್ತದೆ. ಎ ಅಕ್ಷರಕ್ಕೆ ಕೆಳಗಿಳಿಯುವ ಕಾಲಿಲ್ಲ. ದೊಡ್ಡಕ್ಷರದಲ್ಲಿ ಬರೆಯಲಿ, ಚಿಕ್ಕಕ್ಷರದಲ್ಲಿ ಬರೆಯಲಿ, ನಡುವೆ ಚುಕ್ಕೆ ಇರಲಿ, ಇಲ್ಲದಿರಲಿ, ಅರ್ಥ ಒಂದೇ. ಇಂಗ್ಲಿಷ್ ವರ್ಣಮಾಲೆಯಲ್ಲಿ ಎ ಮೊದಲು ಬರುತ್ತದೆ, ಪಿ ಬಹಳ ಹಿಂದೆ ಬರುತ್ತದೆ. ದಿನದಲ್ಲಿಯೂ ಹಾಗೆಯೇ: ಮೊದಲ ಅರ್ಧ ಎ.ಎಂ., ಉಳಿದರ್ಧ ಪಿ.ಎಂ. ಗುರುತಿಗೆ ಇಷ್ಟು ಸಾಕು.

ಈ ಅಕ್ಷರಗಳು ಇಂಗ್ಲಿಷ್ ಮಾತಿನವೇ ಅಲ್ಲ. ಹಳೆಯ ಲ್ಯಾಟಿನ್ ಭಾಷೆಯಲ್ಲಿ 'ಆಂಟೆ ಮೆರಿಡಿಯೆಮ್' ಎಂದರೆ ಮಧ್ಯಾಹ್ನಕ್ಕೆ ಮೊದಲು, 'ಪೋಸ್ಟ್ ಮೆರಿಡಿಯೆಮ್' ಎಂದರೆ ಮಧ್ಯಾಹ್ನದ ತರುವಾಯ. ಮೆರಿಡಿಯೆಮ್ ಎಂಬ ಮಾತಿನಲ್ಲಿ 'ನಡು' ಮತ್ತು 'ಹಗಲು' ಎಂಬ ಎರಡು ಪದಗಳು ಕೂಡಿವೆ. ನಮ್ಮ 'ಮಧ್ಯಾಹ್ನ' ಎಂಬ ಮಾತೂ ಮಧ್ಯ ಮತ್ತು ಅಹ್ನ ಕೂಡಿ ಆದದ್ದೇ. ಪೂರ್ವಾಹ್ನ, ಅಪರಾಹ್ನ ಎಂದು ನಮ್ಮ ಸರಕಾರಿ ಕಾಗದಗಳಲ್ಲಿ ಬರೆಯುವುದೂ ಇದೇ ಲೆಕ್ಕದಿಂದ. ಕೆಲವು ಮೇಷ್ಟರು ಎ.ಎಂ. ಎಂದರೆ 'ಆಫ್ಟರ್ ಮಿಡ್‌ನೈಟ್', ಅಂದರೆ ನಡುರಾತ್ರಿಯ ತರುವಾಯ ಎಂದು ಹೇಳಿಕೊಡುವುದುಂಟು. ಅದು ಮೂಲವಲ್ಲ. ಆದರೆ ನೆನಪಿಗೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣದು. ಏಕೆಂದರೆ ಎ.ಎಂ. ಶುರುವಾಗುವುದು ನಿಜವಾಗಿಯೂ ನಡುರಾತ್ರಿಯಿಂದಲೇ. ಬೆಳಗಿನಿಂದ ಅಲ್ಲ.

ಇಲ್ಲಿಯೇ ನಮ್ಮ ರೂಢಿಗೂ ಇಂಗ್ಲಿಷ್ ರೂಢಿಗೂ ಬೇಧ ಬರುವುದು. ನಮ್ಮ ಮಾತಿನಲ್ಲಿ ಹೊತ್ತಿಗೆ ಎಷ್ಟೊಂದು ಹೆಸರುಗಳಿವೆ: ಕೋಳಿ ಕೂಗುವ ಹೊತ್ತು, ಬೆಳಗಿನ ಜಾವ, ಎಳೆಬಿಸಿಲು, ನಡುಮಧ್ಯಾಹ್ನ, ಇಳಿಹೊತ್ತು, ಮುಸ್ಸಂಜೆ, ದೀಪ ಹಚ್ಚುವ ಹೊತ್ತು, ಸರಿರಾತ್ರಿ. ಹೆಸರು ಕೇಳಿದೊಡನೆ ಬೆಳಕೋ ಕತ್ತಲೆಯೋ, ಎತ್ತು ಕಟ್ಟುವ ಹೊತ್ತೋ ಬಿಚ್ಚುವ ಹೊತ್ತೋ ಎಂದು ತಿಳಿಯುತ್ತದೆ. ಗಡಿಯಾರದ ಇಂಗ್ಲಿಷಿಗೆ ಆ ನಾಜೂಕು ಇಲ್ಲ. ಅದು ದಿನವನ್ನು ಎರಡೇ ಹೋಳು ಮಾಡುತ್ತದೆ. ಆದ್ದರಿಂದ ಎ.ಎಂ. ಎಂದರೆ ಬೆಳಿಗ್ಗೆ, ಪಿ.ಎಂ. ಎಂದರೆ ಸಂಜೆ ಎಂದು ಕಂಠಪಾಠ ಮಾಡಿದವರು ಮೋಸಹೋಗುತ್ತಾರೆ. 2 ಎ.ಎಂ. ಬೆಳಿಗ್ಗೆಯಲ್ಲ, ನಾವು ಅದನ್ನು ರಾತ್ರಿ ಎರಡು ಗಂಟೆ ಎನ್ನುತ್ತೇವೆ. 2 ಪಿ.ಎಂ. ಸಂಜೆಯಲ್ಲ, ಉರಿಬಿಸಿಲಿನ ಮಧ್ಯಾಹ್ನ. 10 ಪಿ.ಎಂ. ಎಂದರೆ ಊರೆಲ್ಲ ಮಲಗುವ ಹೊತ್ತು. ಹೀಗೆ ನಮ್ಮ 'ರಾತ್ರಿ' ಎಂಬುದು ಅವರ ಎರಡು ಹೋಳುಗಳಲ್ಲಿಯೂ ಬೀಳುತ್ತದೆ: ಹನ್ನೆರಡರವರೆಗಿನ ರಾತ್ರಿ ಪಿ.ಎಂ., ಹನ್ನೆರಡು ಕಳೆದ ರಾತ್ರಿ ಎ.ಎಂ.

ಇನ್ನು ತಾರೀಖಿನ ಮಾತು. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಂಬುದು ನಿಮಗೆ ಗೊತ್ತೇ ಇದೆ. ಸೋಮವಾರ ರಾತ್ರಿ ಒಂದು ಗಂಟೆಗೆ ಹಸು ಕರು ಹಾಕಿದರೆ ಸೋಮವಾರ ರಾತ್ರಿ ಹಾಕಿತು ಎಂದೇ ನಾವು ಹೇಳುತ್ತೇವೆ. ಇಂಗ್ಲಿಷ್ ತಾರೀಖು ಬದಲಾಗುವುದು ನಡುರಾತ್ರಿ ಹನ್ನೆರಡಕ್ಕೆ. ಆ ಲೆಕ್ಕದಲ್ಲಿ ಕರು ಹುಟ್ಟಿದ್ದು ಮಂಗಳವಾರ 1 ಎ.ಎಂ. ಗಂಟೆಗೆ. ಈಗ ನನ್ನ ಟಿಕೆಟ್ಟನ್ನು ನೋಡಿರಿ. 15ನೆಯ ತಾರೀಖು 12-15 ಎ.ಎಂ. ಎಂದರೆ 15ನೆಯ ತಾರೀಖು ಹುಟ್ಟಿ ಕಾಲು ಗಂಟೆ ಆದಾಗ. ಅಂದರೆ 14ರ ರಾತ್ರಿ ಊಟ ಮಾಡಿ ಹೊರಡಬೇಕಾಗಿತ್ತು. ನಾವು ಹೋದದ್ದು 15 ಮುಗಿದು 16 ಹುಟ್ಟುವಾಗ. ಪೂರ್ತಿ ಒಂದು ದಿನ ತಡ. ಆದ್ದರಿಂದ ಒಂದು ಕಟ್ಟು ಮಾಡಿಕೊಳ್ಳಿರಿ: ಟಿಕೆಟ್ಟಿನಲ್ಲಿ 12 ಅಥವಾ 1, 2, 3 ಎ.ಎಂ. ಎಂದು ಕಂಡರೆ, ಅದರ ಹಿಂದಿನ ತಾರೀಖನ್ನು ಕೈಯಿಂದ ಪಕ್ಕದಲ್ಲಿ ಬರೆದು, 'ಈ ರಾತ್ರಿ ಹೊರಡಬೇಕು' ಎಂದು ಗುರುತು ಹಾಕಿರಿ. ನಾನು ಈಗ ಹಾಗೆ ಮಾಡುತ್ತೇನೆ.

ರೈಲಿನವರು ಈ ಅಕ್ಷರಗಳ ಗೋಜಿಗೇ ಹೋಗಿಲ್ಲ. ಅವರದು 24 ಗಂಟೆಯ ಲೆಕ್ಕ. ಮಧ್ಯಾಹ್ನ ಕಳೆದ ಮೇಲೆ 13, 14, 15 ಎಂದು ಎಣಿಸುತ್ತ ಹೋಗುತ್ತಾರೆ. 17:45 ಎಂದಿದ್ದರೆ ಹನ್ನೆರಡನ್ನು ಕಳೆಯಿರಿ, 5-45 ಪಿ.ಎಂ. ಆಯಿತು. 00:10 ಎಂದಿದ್ದರೆ ನಡುರಾತ್ರಿ ಕಳೆದು ಹತ್ತು ನಿಮಿಷ. ಅಲ್ಲಿಯೂ ತಾರೀಖಿನ ಎಚ್ಚರ ಮೇಲೆ ಹೇಳಿದಂತೆಯೇ ಬೇಕು. ನನ್ನನ್ನು ಕೇಳಿದರೆ ರೈಲಿನವರ ಕ್ರಮವೇ ಲೇಸು. ಆದರೆ ಊರಿನ ಕೆಲಸಗಳೆಲ್ಲ ಎ.ಎಂ., ಪಿ.ಎಂ.ಗಳಲ್ಲಿಯೇ ನಡೆಯುತ್ತಿರುವಾಗ ಅದನ್ನು ಕಲಿಯದೆ ವಿಧಿಯಿಲ್ಲ.

ಹನ್ನೆರಡು ಗಂಟೆಯ ತೊಡಕನ್ನು ಇಲ್ಲಿಯೇ ಬಿಡಿಸಿಬಿಡೋಣ. ಓದಿದವರೂ ಇದರಲ್ಲಿ ತಡವರಿಸುತ್ತಾರೆ. ಸರಿಯಾಗಿ ಮಧ್ಯಾಹ್ನವು ಮಧ್ಯಾಹ್ನಕ್ಕೆ ಮೊದಲೂ ಅಲ್ಲ, ತರುವಾಯವೂ ಅಲ್ಲ. ಹಾಗಾದರೆ ಹಗಲು ಹನ್ನೆರಡಕ್ಕೆ ಯಾವ ಅಕ್ಷರ ಹಾಕಬೇಕು? ಒಂದು ನಿಮಿಷ ಕಳೆದು 12-01 ಆದರೆ ಅದು ನಿಸ್ಸಂದೇಹವಾಗಿ ಪಿ.ಎಂ. ಆದ್ದರಿಂದ ಗಡಿಯಾರ ಮತ್ತು ಮೊಬೈಲು ಮಾಡುವವರು ಹಗಲು ಹನ್ನೆರಡನ್ನು 12 ಪಿ.ಎಂ. ಎಂದೂ, ನಡುರಾತ್ರಿ ಹನ್ನೆರಡನ್ನು 12 ಎ.ಎಂ. ಎಂದೂ ತೋರಿಸುತ್ತಾರೆ. ಹೀಗಾಗಿ 11 ಎ.ಎಂ. ಆದ ಮೇಲೆ 12 ಪಿ.ಎಂ. ಬರುತ್ತದೆ, ಅದರ ಮೇಲೆ 1 ಪಿ.ಎಂ. ಬರುತ್ತದೆ. ಇದು ತಲೆಕೆಳಗಾದಂತೆ ಕಾಣುತ್ತದೆ. ಆ ಹನ್ನೆರಡನ್ನು ಸೊನ್ನೆ ಎಂದು ತಿಳಿದರೆ ಸರಿಹೋಗುತ್ತದೆ: ಪಿ.ಎಂ. ಎಣಿಕೆ ಸೊನ್ನೆಯಿಂದ, ಅಂದರೆ ಹನ್ನೆರಡರಿಂದ ಶುರು. ನೀವು ಬರೆಯುವಾಗ ಮಾತ್ರ ಈ ತಂಟೆಯೇ ಬೇಡ. ಇಂಗ್ಲಿಷಿನಲ್ಲಿ '12 ನೂನ್' ಎಂದರೆ ಹಗಲು ಹನ್ನೆರಡು, '12 ಮಿಡ್‌ನೈಟ್' ಎಂದರೆ ನಡುರಾತ್ರಿ. ಹಾಗೆ ಬರೆದರೆ ಯಾರೂ ತಪ್ಪು ತಿಳಿಯಲಾರರು.

ಒಂದು ಪಕ್ಕದ ಮಾತು. ಗಡಿಯಾರದ ಹನ್ನೆರಡು ಮತ್ತು ನಿಮ್ಮ ನೆತ್ತಿಯ ಮೇಲಿನ ಸೂರ್ಯ ಒಂದೇ ಅಲ್ಲ. 1906ನೆಯ ಇಸವಿ ಜನವರಿ 1ರಿಂದ ಭಾರತದ ಗಡಿಯಾರಗಳಿಗೆ ಒಂದೇ ಕಾಲವನ್ನು ಗೊತ್ತುಮಾಡಲಾಯಿತು. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಕಾಲ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಬೆಂಗಳೂರಿನ ಕಡೆ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12-20ರ ಹೊತ್ತಿಗೆ. ಕಾರವಾರದಲ್ಲಿ 12-33ರ ಹೊತ್ತಿಗೆ. ಕಾಲಕಾಲಕ್ಕೆ ಇದು ಕಾಲು ಗಂಟೆಯವರೆಗೆ ಹಿಂದು ಮುಂದಾಗುವುದೂ ಉಂಟು. ಆದ್ದರಿಂದ ನೆರಳು ನೋಡಿ ಹೊತ್ತು ಹೇಳುವ ನಮ್ಮ ಅಜ್ಜಂದಿರು ತಪ್ಪು ಹೇಳುತ್ತಿರಲಿಲ್ಲ. ಅವರು ಹೇಳುತ್ತಿದ್ದುದು ತಮ್ಮ ಊರಿನ ಮಧ್ಯಾಹ್ನ, ಗಡಿಯಾರ ಹೇಳುವುದು ಮಿರ್ಜಾಪುರದ್ದು. ಬ್ಯಾಂಕು, ಬಸ್ಸು, ಕಚೇರಿಗಳಿಗೆ ಗಡಿಯಾರದ್ದೇ ಲೆಕ್ಕ.

ಇನ್ನು ವಾಕ್ಯಗಳಿಗೆ ಬರೋಣ. ಎ.ಎಂ., ಪಿ.ಎಂ.ಗಳು ಒಂಟಿಯಾಗಿ ಬರುವುದಿಲ್ಲ. ಅವುಗಳ ಮುಂದೆ ಒಂದು ಅಂಕಿ, ಅಂಕಿಯ ಮುಂದೆ ಒಂದು ಪುಟ್ಟ ಪದ ಇರುತ್ತದೆ. ಆ ಪುಟ್ಟ ಪದವೇ ಅರ್ಥವನ್ನು ತಿರುಗಿಸುವುದು. 'ದಿ ಬಸ್ ಲೀವ್ಸ್ ಅಟ್ 6 ಎ.ಎಂ.' ಎಂದರೆ ಬಸ್ಸು ಬೆಳಿಗ್ಗೆ ಸರಿಯಾಗಿ ಆರಕ್ಕೆ ಹೊರಡುತ್ತದೆ. 'ಅಟ್' ಎಂದರೆ ಆ ಗಳಿಗೆಗೇ. 'ದಿ ಬ್ಯಾಂಕ್ ಈಸ್ ಓಪನ್ ಫ್ರಮ್ 10 ಎ.ಎಂ. ಟು 4 ಪಿ.ಎಂ.' ಎಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತೆರೆದಿರುತ್ತದೆ. 'ಸಬ್‌ಮಿಟ್ ದಿ ಅಪ್ಲಿಕೇಶನ್ ಬೈ 4 ಪಿ.ಎಂ.' ಎಂದರೆ ನಾಲ್ಕು ಗಂಟೆಯ ಒಳಗಾಗಿ ಅರ್ಜಿ ಕೊಡಿರಿ ಎಂದು. ಇದನ್ನು 'ನಾಲ್ಕಕ್ಕೆ ಹೋದರೆ ಸಾಕು' ಎಂದು ತಿಳಿದು, ಬಾಗಿಲು ಹಾಕಿದ ಕಚೇರಿಯ ಮುಂದೆ ನಿಂತವರು ಬಹಳ ಮಂದಿ. 'ಬಿಫೋರ್' ಎಂದರೆ ಮುಂಚೆ, 'ಆಫ್ಟರ್' ಎಂದರೆ ತರುವಾಯ, 'ಟಿಲ್' ಅಥವಾ 'ಅಪ್ ಟು' ಎಂದರೆ ಅಲ್ಲಿಯವರೆಗೆ.

ಔಷಧ ಸಿಂಪಡಿಸುವ ಸಲಹೆಯಲ್ಲಿ ಬರುವ ವಾಕ್ಯವೊಂದನ್ನು ತೆಗೆದುಕೊಳ್ಳಿರಿ: 'ಇಫ್ ದಿ ಕ್ರಾಪ್ ಈಸ್ ಇನ್ ಫ್ಲವರ್, ಸ್ಪ್ರೇ ಆಫ್ಟರ್ 5 ಪಿ.ಎಂ.' ಬೆಳೆ ಹೂವಿನಲ್ಲಿದ್ದರೆ ಸಂಜೆ ಐದರ ಮೇಲೆ ಸಿಂಪಡಿಸಿರಿ ಎಂದು ಅರ್ಥ. ಜೇನ್ನೊಣಗಳು ಹೂವಿಗೆ ಬರುವುದು ಹಗಲಿನಲ್ಲಿ. ಸಂಜೆಗೆ ಗೂಡು ಸೇರುತ್ತವೆ. ಪಿ ಅಕ್ಷರವನ್ನು ಎ ಎಂದು ಓದಿ ಬೆಳಿಗ್ಗೆಯೇ ಔಷಧ ಹೊಡೆದರೆ, ಸೂರ್ಯಕಾಂತಿಗೆ ಕಾಳು ಕಟ್ಟಿಸುವ ನೊಣವೇ ಸಾಯುತ್ತದೆ.

ಕೆಲವು ಸೂಚನೆಗಳಲ್ಲಿ ಮೊದಲ ಅಂಕಿಗೆ ಅಕ್ಷರವನ್ನೇ ಹಾಕಿರುವುದಿಲ್ಲ. '6 ಟು 9 ಪಿ.ಎಂ.' ಎಂದರೆ ಎರಡೂ ಪಿ.ಎಂ.; ಸಂಜೆ ಆರರಿಂದ ರಾತ್ರಿ ಒಂಬತ್ತು. ಆದರೆ '10 ಟು 4 ಪಿ.ಎಂ.' ಎಂದು ಬರೆದರೆ ಹತ್ತು ಎ.ಎಂ. ಎಂದು ನಾವೇ ಊಹಿಸಿಕೊಳ್ಳಬೇಕು. ಇದು ಬರೆದವರ ಸೋಮಾರಿತನ. ಅನುಮಾನ ಬಂದರೆ ಕೇಳಿರಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ವಿದ್ಯುತ್ತಿನ ಪಾಳಿಗೆ ಇದು ಬಹಳ ಮುಖ್ಯ. 'ತ್ರೀ ಫೇಸ್ ಸಪ್ಲೈ ಫ್ರಮ್ 11 ಪಿ.ಎಂ. ಟು 4 ಎ.ಎಂ.' ಎಂದು ಮೊಬೈಲಿಗೆ ಸೂಚನೆ ಬಂದಿತೆನ್ನಿ. ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ನಾಲ್ಕರವರೆಗೆ ಎಂದು ಅರ್ಥ. ಅದರ ಮುಂದೆ ಒಂದೇ ತಾರೀಖು ಬರೆದಿದ್ದರೆ ಅದು ಪಾಳಿ ಶುರುವಾಗುವ ರಾತ್ರಿಯದೋ ಮುಗಿಯುವ ಬೆಳಗಿನದೋ ಎಂದು ಲೈನ್‌ಮ್ಯಾನನ್ನು ವಿಚಾರಿಸಿಕೊಳ್ಳಿರಿ. ಕಬ್ಬಿಗೋ ಭತ್ತದ ಮಡಿಗೋ ನೀರು ಕಟ್ಟಲು ಕತ್ತಲಲ್ಲಿ ಹೋಗಿ, ಪಾಳಿ ಇಲ್ಲವೆಂದು ತಿಳಿದು ಹಾವು ಚೇಳಿನ ಹಾದಿಯಲ್ಲಿ ಬರಿಗೈಯಲ್ಲಿ ಹಿಂದಿರುಗುವುದು ಯಾರಿಗೂ ಬೇಡ.

ಪಂಪಿಗೆ ತಾನಾಗಿ ಚಾಲೂ ಆಗುವ ಟೈಮರ್ ಹಾಕಿಸಿದವರು ಇನ್ನೂ ಜೋಪಾನವಾಗಿರಬೇಕು. ಕೆಲವು ಟೈಮರುಗಳ ಕಿರುಪರದೆಯ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಎ.ಎಂ. ಅಥವಾ ಪಿ.ಎಂ. ಎಂದು ಮೂಡುತ್ತದೆ. ರಾತ್ರಿ ಹನ್ನೊಂದಕ್ಕೆಂದು 11 ಒತ್ತಿ, ಅಕ್ಷರ ಎ.ಎಂ. ಆಗಿಯೇ ಉಳಿದರೆ, ಪಂಪು ಹಗಲು ಹನ್ನೊಂದಕ್ಕೆ ಕಾಯುತ್ತದೆ. ಹಗಲು ವಿದ್ಯುತ್ತಿಲ್ಲ, ರಾತ್ರಿ ಪಂಪಿಗೆ ಅಪ್ಪಣೆಯಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಮಡಿ ಒಣಗಿರುತ್ತದೆ. ಟೈಮರಿನೊಳಗಿನ ಗಡಿಯಾರವೇ ಹನ್ನೆರಡು ಗಂಟೆ ತಪ್ಪಿದ್ದರೂ ಇದೇ ಪಾಡು. ಹೊಂದಿಸಿದ ದಿನ ಒಮ್ಮೆ, ವಿದ್ಯುತ್ತು ಬಹಳ ಹೊತ್ತು ಹೋಗಿ ಬಂದಾಗ ಇನ್ನೊಮ್ಮೆ, ಆ ಮೂಲೆಯ ಅಕ್ಷರವನ್ನು ನೋಡಿರಿ. ಬೆಳಿಗ್ಗೆ ಐದಕ್ಕೆ ಏಳಲೆಂದು ಮೊಬೈಲಿನಲ್ಲಿ ಅಲಾರಂ ಇಟ್ಟು, ಅದು ಸಂಜೆ ಐದಕ್ಕೆ ಸಂತೆಯಲ್ಲಿ ಕೂಗಿಕೊಂಡದ್ದು ನಮ್ಮಲ್ಲಿ ಎಷ್ಟು ಜನರ ಅನುಭವವಲ್ಲ!

ಮಳೆಯ ವರದಿಯಲ್ಲಿಯೂ ಈ ಅಕ್ಷರವಿದೆ. ಭಾರತ ಹವಾಮಾನ ಇಲಾಖೆಯವರು ಮಳೆಯನ್ನು ಅಳೆಯುವುದು 8-30 ಎ.ಎಂ.ನಿಂದ ಮರುದಿನ 8-30 ಎ.ಎಂ.ವರೆಗೆ. 12ನೆಯ ತಾರೀಖಿನ ಮಳೆ ಎಂದು ಅವರು ಬರೆದರೆ, ಅದು 12ರ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳ ಮಳೆ. ಅಂದರೆ 11ರ ಹಗಲು ಮತ್ತು 11ರ ರಾತ್ರಿ ನಿಮ್ಮ ಹೊಲದಲ್ಲಿ ಬಿದ್ದದ್ದೇ ಅದರಲ್ಲಿ ಬಹುಪಾಲು. 'ನಮ್ಮೂರಿನಲ್ಲಿ ಹನ್ನೊಂದಕ್ಕೆ ಸುರಿಯಿತು, ಇವರು ಹನ್ನೆರಡು ಎಂದು ಬರೆದಿದ್ದಾರೆ, ಎಲ್ಲ ಸುಳ್ಳು' ಎಂದು ಸಿಟ್ಟಾಗುವ ಮೊದಲು ಈ ಎಂಟೂವರೆಯನ್ನು ನೆನೆಯಿರಿ.

ಬೆಳೆ ವಿಮೆಯಲ್ಲಿ ಗಂಟೆಗೆ ಬೆಲೆಯುಂಟು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮದಂತೆ, ಆಲಿಕಲ್ಲು ಬಿದ್ದೋ ನೀರು ನಿಂತೋ ನಿಮ್ಮ ಹೊಲಕ್ಕೆ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು. 72 ಗಂಟೆ ಎಂದರೆ ಮೂರು ದಿನ. ಆದರೆ ಎಲ್ಲಿಂದ ಎಣಿಸುವುದು? ಸೋಮವಾರ 4 ಪಿ.ಎಂ.ಗೆ ಆಲಿಕಲ್ಲು ಬಿದ್ದರೆ ಗುರುವಾರ 4 ಪಿ.ಎಂ.ಗೆ ಅವಧಿ ಮುಗಿಯಿತು. ಗುರುವಾರ ರಾತ್ರಿಯವರೆಗೆ ಎಂದು ತಿಳಿದು ಕುಳಿತರೆ ಕೆಟ್ಟಿತು. ಹಾಗೆಯೇ ಸೋಮವಾರ ರಾತ್ರಿ ಎರಡಕ್ಕೆ ಹಾನಿಯಾದರೆ ಅರ್ಜಿಯಲ್ಲಿ ಬರೆಯಬೇಕಾದುದು ಮಂಗಳವಾರ 2 ಎ.ಎಂ. ಎಂದು. ಸೋಮವಾರ 2 ಎ.ಎಂ. ಎಂದು ಬರೆದರೆ ನಿಮ್ಮ ಕೈಯಿಂದಲೇ ಒಂದು ದಿನವನ್ನು ಕಳೆದುಕೊಂಡಂತಾಯಿತು.

ಈಗ ಇನ್ನೊಂದು ಪಿ.ಎಂ. ಇದು ಗಡಿಯಾರದ್ದಲ್ಲ, ಹಣದ್ದು. ಅಂಕಿಯ ಹಿಂದೆ ಮುಂದೆ ರೂಪಾಯಿಯ ಗುರುತಾಗಲಿ ಶೇಕಡಾ ಗುರುತಾಗಲಿ ಇದ್ದರೆ, ಅಲ್ಲಿ ಪಿ.ಎಂ. ಎಂದರೆ 'ಪರ್ ಮಂತ್', ತಿಂಗಳಿಗೆ ಎಂದು. 'ರೆಂಟ್ ರೂ. 3,000 ಪಿ.ಎಂ.' ಎಂದರೆ ಬಾಡಿಗೆ ತಿಂಗಳಿಗೆ ಮೂರು ಸಾವಿರ. ಇದರ ಜೊತೆಗಾರ ಪಿ.ಎ.; 'ಪರ್ ಆನಮ್', ವರ್ಷಕ್ಕೆ. ಸಾಲದ ಕಾಗದದಲ್ಲಿ ಈ ಎರಡರ ಅದಲುಬದಲು ಆದರೆ ಬಸ್ಸು ತಪ್ಪಿದ ಹಾಗಲ್ಲ, ಮನೆಗೇ ಪೆಟ್ಟು.

ನಮ್ಮ ಹಳ್ಳಿಗಳಲ್ಲಿ ಬಡ್ಡಿಯ ಮಾತು ಮೊದಲಿನಿಂದಲೂ ತಿಂಗಳ ಲೆಕ್ಕದ್ದು. 'ನೂರಕ್ಕೆ ಎರಡು ರೂಪಾಯಿ' ಎಂದರೆ ತಿಂಗಳಿಗೆ ಎರಡು ಎಂದು ಹೇಳದೆಯೇ ತಿಳಿಯುತ್ತದೆ. ಬ್ಯಾಂಕಿನವರ ಮಾತು ವರ್ಷದ್ದು. ಆದ್ದರಿಂದ ಬ್ಯಾಂಕಿನ ಕಾಗದದಲ್ಲಿ 12 ಎಂದು ಕಂಡು ಬೆಚ್ಚಿಬಿದ್ದು, ಒಡವೆ ಹಿಡಿದುಕೊಂಡು '2 ಪರ್ಸೆಂಟ್ ಮಾತ್ರ' ಎಂದವನ ಬಳಿಗೆ ಹೋಗುವವರಿದ್ದಾರೆ. ಲೆಕ್ಕ ಮಾಡಿ ನೋಡೋಣ. 40,000 ರೂಪಾಯಿ ಸಾಲಕ್ಕೆ 'ಇಂಟರೆಸ್ಟ್ 12 ಪರ್ಸೆಂಟ್ ಪಿ.ಎ.' ಎಂದಿದ್ದರೆ ವರ್ಷದ ಬಡ್ಡಿ 4,800 ರೂಪಾಯಿ. ಅದೇ ಸಾಲಕ್ಕೆ '2 ಪರ್ಸೆಂಟ್ ಪಿ.ಎಂ.' ಎಂದಿದ್ದರೆ ತಿಂಗಳಿಗೆ 800, ವರ್ಷಕ್ಕೆ 9,600 ರೂಪಾಯಿ. ಚಿಕ್ಕ ಅಂಕಿಯೇ ಎರಡರಷ್ಟು ತಿನ್ನುತ್ತದೆ. ಬಡ್ಡಿಗೆ ಬಡ್ಡಿ ಸೇರಿಸುವವರಾದರೆ ಇನ್ನೂ ಹೆಚ್ಚು. ತಿಂಗಳ ದರವನ್ನು ಹನ್ನೆರಡರಿಂದ ಗುಣಿಸಿದ ಮೇಲೆಯೇ ವರ್ಷದ ದರದೊಡನೆ ಹೋಲಿಸಬೇಕು. ಕಾಗದದಲ್ಲಿ ಅಂಕಿ ಮಾತ್ರ ಇದ್ದು ಪಿ.ಎ. ಎಂದಾಗಲಿ ಪಿ.ಎಂ. ಎಂದಾಗಲಿ ಇಲ್ಲದಿದ್ದರೆ, ಅದನ್ನು ಬರೆಸುವವರೆಗೆ ಹೆಬ್ಬೆಟ್ಟು ಒತ್ತಬೇಡಿರಿ, ರುಜು ಹಾಕಬೇಡಿರಿ.

ಪತ್ರಿಕೆಗಳಲ್ಲಿ ಬರುವ ಪಿ.ಎಂ., ಪಿ.ಎಂ. ಕಿಸಾನ್ ಎಂಬಲ್ಲಿನ ಪಿ.ಎಂ. ಇವು ಪ್ರಧಾನಮಂತ್ರಿ ಎಂಬುದರ ಸಂಕ್ಷೇಪ. ಅದರ ಹಿಂದೆ ಗಂಟೆಯೂ ಇಲ್ಲ, ಹಣದ ದರವೂ ಇಲ್ಲ; ಗೊಂದಲವಾಗದು.

ನೀವೇ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಬೇಕಾಗಿ ಬಂದರೆ ಕ್ರಮ ಹೀಗೆ. ಮೊದಲು ಅಂಕಿ, ಅದರ ಹಿಂದೆ ಅಕ್ಷರ, ಆಮೇಲೆ ತಾರೀಖು. 'ದಿ ಟ್ರಾನ್ಸ್‌ಫಾರ್ಮರ್ ಫೇಲ್ಡ್ ಅಟ್ 9 ಪಿ.ಎಂ. ಆನ್ 4 ಮೇ.' ಟ್ರಾನ್ಸ್‌ಫಾರ್ಮರ್ ಮೇ 4ರಂದು ರಾತ್ರಿ ಒಂಬತ್ತಕ್ಕೆ ಕೆಟ್ಟಿತು. ಕನ್ನಡದಲ್ಲಿ ನಾವು ತಾರೀಖು, ಹೊತ್ತು, ಗಂಟೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೇವೆ. ಇಂಗ್ಲಿಷ್ ವಾಕ್ಯ ಸಾಮಾನ್ಯವಾಗಿ ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತದೆ. 'ಅಟ್ ಮಾರ್ನಿಂಗ್ 6' ಎಂದು ನಮ್ಮ ಹುಡುಗರು ಬರೆಯುವುದು ಕನ್ನಡದ ಜಾಡಿನಲ್ಲಿ ಹೋಗಿ. 'ಅಟ್ 6 ಎ.ಎಂ.' ಅಥವಾ 'ಅಟ್ 6 ಇನ್ ದಿ ಮಾರ್ನಿಂಗ್' ಎನ್ನಬೇಕು. ಎರಡನ್ನೂ ಕೂಡಿಸಿ '6 ಎ.ಎಂ. ಇನ್ ದಿ ಮಾರ್ನಿಂಗ್' ಎಂದರೆ 'ಬೆಳಿಗ್ಗೆ ಬೆಳಿಗ್ಗೆ ಆರು' ಎಂದ ಹಾಗೆ. 'ಓ ಕ್ಲಾಕ್' ಎಂಬ ಮಾತನ್ನೂ ಎ.ಎಂ., ಪಿ.ಎಂ.ಗಳ ಜೊತೆ ಹಾಕುವುದು ಒಳ್ಳೆಯ ರೂಢಿಯಲ್ಲ.

ಅಭ್ಯಾಸಕ್ಕೆ ನಾಲ್ಕು ಪ್ರಶ್ನೆಗಳನ್ನು ಕೊಟ್ಟಿದೆ. ಮನೆಯ ಮಕ್ಕಳನ್ನು ಕೂರಿಸಿಕೊಂಡು ಬಿಡಿಸಿರಿ. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿರಿ.

1. ಟಿಕೆಟ್ಟಿನಲ್ಲಿ ದಿನಾಂಕ 1 ಮಾರ್ಚ್, ವೇಳೆ 1 ಎ.ಎಂ. ಎಂದಿದೆ. ಯಾವ ರಾತ್ರಿ ಮನೆಯಿಂದ ಹೊರಡಬೇಕು?
2. 'ಮೀಟಿಂಗ್ ಅಟ್ 12 ಪಿ.ಎಂ.' ಗ್ರಾಮಸಭೆಗೆ ಯಾವಾಗ ಹೋಗಬೇಕು?
3. 'ಪೇ ಬೈ 3 ಪಿ.ಎಂ.' ಮೂರೂ ಕಾಲಿಗೆ ಹೋದರೆ ಆದೀತೆ?
4. '3 ಪರ್ಸೆಂಟ್ ಪಿ.ಎಂ.' 10,000 ರೂಪಾಯಿಗೆ ವರ್ಷದ ಬಡ್ಡಿ ಎಷ್ಟು?

ಉತ್ತರ: 1. ಫೆಬ್ರವರಿ ಕೊನೆಯ ತಾರೀಖಿನ ರಾತ್ರಿ. ಅದು 28 ಆಗಬಹುದು, ಅಧಿಕ ವರ್ಷವಾದರೆ 29. 2. ಹಗಲು ಹನ್ನೆರಡಕ್ಕೆ. 3. ಆಗದು, ಮೂರರೊಳಗೆ ಕಟ್ಟಬೇಕು. 4. ತಿಂಗಳಿಗೆ 300ರಂತೆ, ವರ್ಷಕ್ಕೆ 3,600 ರೂಪಾಯಿ.